ತೋಟದ ಕೊಕ್ಕೋ, ಮನೆಯ ಚಾಕಲೇಟ್: ಕಾಯಿ ಕೊಯ್ಯುವಲ್ಲಿಂದ ಬಾರ್ ಎರೆಯುವವರೆಗೆ

“ಅಡಕೆ ತೋಟದ ನಡುವೆ ಒಂದಷ್ಟು ಕೊಕ್ಕೋ ಗಿಡ ಉಂಟು. ಮನೆಯಲ್ಲೇ ಚಾಕಲೇಟ್ ಮಾಡಲಿಕ್ಕೆ ಆಗುತ್ತದಾ?” ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಆಗುತ್ತದೆ. ಅಂಗಡಿಯ ಕೋಕೋ ಪುಡಿಗೆ ಡಾಲ್ಡಾ ಬೆರೆಸಿ ತಟ್ಟೆಯಲ್ಲಿ ಹರಡುವ ಬರ್ಫಿಯ ವಿಷಯ ನಾನು ಹೇಳುತ್ತಿಲ್ಲ. ಮುರಿದರೆ ಟಕ್ಕೆಂದು ಸದ್ದು ಬರುವ, ನಾಲಗೆಯ ಮೇಲೆ ತಾನಾಗಿ ಕರಗುವ ನಿಜವಾದ ಬಾರನ್ನೇ ಮಾಡಬಹುದು. ಬೀಜ ನಿಮ್ಮ ತೋಟದಲ್ಲಿದೆ, ಅರೆಯುವ ಕಲ್ಲು ನಿಮ್ಮ ಅಡಿಗೆಮನೆಯಲ್ಲಿದೆ. ಬೇಕಾಗುವುದು ಸುಮಾರು ಮೂರು ವಾರದ ತಾಳ್ಮೆ ಮತ್ತು ಒಂದು ಥರ್ಮಾಮೀಟರ್.

ಮಾಡಿ ನೋಡಿದ ಕೆಲವರು “ಕಹಿ ಬಂತು, ಒಗರು ಬಂತು” ಎಂದು ಬರೆಯುತ್ತಾರೆ, ಸಕ್ಕರೆ ಎಷ್ಟು ಹೆಚ್ಚಿಸಬೇಕು ಎಂದು ಕೇಳುತ್ತಾರೆ. ಸಕ್ಕರೆ ಹೆಚ್ಚಿಸಿ ಪ್ರಯೋಜನವಿಲ್ಲ. ಚಾಕಲೇಟಿನ ಪರಿಮಳ ಹುಟ್ಟುವುದು ಹಸಿ ಬೀಜ ಬುಟ್ಟಿಯಲ್ಲಿ ಬಿಸಿಯೇರಿ ಹುಳಿಯುವ ಆರು ದಿನಗಳಲ್ಲಿ. ಅದು ಸರಿಯಾಗದಿದ್ದರೆ ಮುಂದೆ ಏನು ಮಾಡಿದರೂ ಒಗರು ಹೋಗುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಆ ಹಂತಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಸಿ ಬೀಜವನ್ನು ಚೀಲಕ್ಕೆ ತುಂಬಿಸಿ ಖರೀದಿ ಕೇಂದ್ರಕ್ಕೆ ಒಯ್ದು ಕೊಡುವುದೇ ನಮ್ಮಲ್ಲಿ ರೂಢಿ. ಕರ್ನಾಟಕ ಮತ್ತು ಕೇರಳದ ಅಡಕೆ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೋ; ಅದರ ಪುತ್ತೂರಿನ ಚಾಕಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ಹುದುಗಿಸುವುದು, ಒಣಗಿಸುವುದು, ಅರೆಯುವುದು ಎಲ್ಲ ಬೇರೆಯವರ ಕೈಯಲ್ಲಿ ಆಗುವುದರಿಂದ, ಗಿಡ ನೆಟ್ಟು ದಶಕಗಳಾದ ಮನೆಗಳಲ್ಲೂ ಬೀಜ ಮುಂದೆ ಏನಾಗುತ್ತದೆ ಎಂಬುದು ಗೊತ್ತಿರುವುದಿಲ್ಲ. ಅದನ್ನೊಮ್ಮೆ ನಿಮ್ಮ ಕೈಯಲ್ಲೇ ಮಾಡಿ ನೋಡಬೇಕು ಎಂಬುದು ನನ್ನ ಆಸೆ.

ಏನೇನು ಬೇಕು

ಮೊದಲ ಸಲಕ್ಕೆ ಒಂದು ಕಿಲೋ ಒಣ ಬೀಜದ ಲೆಕ್ಕ ಹಾಕಿಕೊಳ್ಳಿ. ಅದಕ್ಕೆ ಸುಮಾರು ಮೂರು ಕಿಲೋ ಹಸಿ ಬೀಜ, ಅಂದರೆ ಕಾಯಿಯ ಗಾತ್ರ ನೋಡಿಕೊಂಡು ಇಪ್ಪತ್ತೈದರಿಂದ ಮೂವತ್ತೈದು ಕಾಯಿ ಬೇಕಾಗುತ್ತದೆ. ಒಂದು ಕಿಲೋ ಒಣ ಬೀಜದಲ್ಲಿ ಸಿಪ್ಪೆ, ತೇವ ಕಳೆದು 750 ಗ್ರಾಂ ಒಳಬೀಜ ಉಳಿಯುತ್ತದೆ. ಸಕ್ಕರೆ ಸೇರಿದಾಗ 50 ಗ್ರಾಮಿನ ಇಪ್ಪತ್ತು ಬಾರಿಗೆ ಸಾಕು.

ಉಳಿದಂತೆ: ಒತ್ತಾಗಿ ಹೆಣೆದ ಒಂದು ಸಣ್ಣ ಬಿದಿರಿನ ಬುಟ್ಟಿ, ಬಾಳೆಲೆ, ಶುದ್ಧವಾದ ಗೋಣಿ, ಒಣಗಿಸಲು ಚಾಪೆ, ದಪ್ಪ ತಳದ ಬಾಣಲೆ ಅಥವಾ ಓವನ್, ಗೆರಸೆ, ಮಿಕ್ಸಿ, ಕಲ್ಲಿನ ಉರುಳೆಗಳಿರುವ ಟೇಬಲ್ ಟಾಪ್ ಗ್ರೈಂಡರ್, ಅಡಿಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್, ಗ್ರಾಂ ಲೆಕ್ಕದ ತಕ್ಕಡಿ, ಬಾರಿನ ಅಚ್ಚು. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಮಾಡಬಹುದೇ ಎಂದು ಕೇಳಬೇಡಿ. ಕೊನೆಯ ಹಂತದಲ್ಲಿ ಎರಡು ಡಿಗ್ರಿ ವ್ಯತ್ಯಾಸಕ್ಕೆ ಇಡೀ ಕೆಲಸ ಕೆಡುತ್ತದೆ.

ಕಾಲವೂ ಮುಖ್ಯ. ನಮ್ಮಲ್ಲಿ ಕೊಕ್ಕೋ ಎರಡು ಸಲ ಹೆಚ್ಚಾಗಿ ಸಿಗುತ್ತದೆ: ಸೆಪ್ಟೆಂಬರಿನಿಂದ ಜನವರಿವರೆಗೆ ಒಮ್ಮೆ, ಏಪ್ರಿಲಿನಿಂದ ಜೂನ್‌ವರೆಗೆ ಇನ್ನೊಮ್ಮೆ. ಹೊಸಬರು ನವೆಂಬರ್‌ನಿಂದ ಜನವರಿಯೊಳಗೆ ಮಾಡಿ. ಬಿಸಿಲು ಸಿಗುತ್ತದೆ, ಬೆಳಗ್ಗೆ ತಂಪಿರುತ್ತದೆ; ಎರಡೂ ಬೇಕು. ಬೇಸಗೆಯ ಬೆಳೆಯನ್ನೇ ಬಳಸುವುದಾದರೆ ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲೇ ಬೀಜ ಒಣಗಿ ಡಬ್ಬ ಸೇರಿರಬೇಕು.

ಹಂತ 1: ಕೊಯ್ಲು ಮತ್ತು ಕಾಯಿ ಒಡೆಯುವುದು

ಹಸಿರು ಕಾಯಿ ಹಳದಿಯಾಗಬೇಕು, ಕೆಂಪು ಕಾಯಿ ಕಿತ್ತಳೆ ಬಣ್ಣಕ್ಕೆ ತಿರುಗಬೇಕು. ಅಲ್ಲಾಡಿಸಿದರೆ ಒಳಗೆ ಬೀಜ ಸಡಿಲವಾದದ್ದು ತಿಳಿಯುತ್ತದೆ. ಬಲಿಯದ ಕಾಯಿಯಲ್ಲಿ ಬೀಜದ ಸುತ್ತಲಿನ ಸಿಹಿ ತಿರುಳು ಕಡಿಮೆ, ಆದ್ದರಿಂದ ಬುಟ್ಟಿಯಲ್ಲಿ ಬಿಸಿಯೇರುವುದಿಲ್ಲ. ತೀರಾ ಹಣ್ಣಾಗಲು ಬಿಟ್ಟರೆ ಬೀಜ ಕಾಯಿಯೊಳಗೇ ಮೊಳೆಯುತ್ತದೆ.

ಕಾಯಿಯನ್ನು ತಿರುಚಿ ಎಳೆಯಬೇಡಿ. ಕಾಂಡದಲ್ಲಿ ಕಾಯಿ ಬಿಟ್ಟ ಜಾಗದಲ್ಲೇ ಮುಂದಿನ ಹೂವೂ ಬರುತ್ತದೆ. ಅಲ್ಲಿ ತೊಗಟೆ ಕಿತ್ತುಬಂದರೆ ಆ ಜಾಗ ಬರಡಾಗುತ್ತದೆ. ಹರಿತವಾದ ಕತ್ತಿಯಿಂದ ತೊಟ್ಟು ಕತ್ತರಿಸಿ.

ಅಳಿಲು, ಇಲಿ ಕೊರೆದ ಕಾಯಿ, ಕೊಳೆರೋಗ ಬಂದು ಕಪ್ಪಾದ ಕಾಯಿ ಬೇಡ. ಅಂಥವುಗಳ ಬೀಜವನ್ನು ಮಾರಾಟದ ರಾಶಿಗೆ ಸೇರಿಸುವುದೇ ತಪ್ಪು. ತಿನ್ನುವ ಚಾಕಲೇಟಿಗಂತೂ ಸೇರಿಸಲೇಬಾರದು.

ಕೊಯ್ದ ಕಾಯಿಯನ್ನು ನೆರಳಿನಲ್ಲಿ ಮೂರು ನಾಲ್ಕು ದಿನ ಇಟ್ಟು ಆಮೇಲೆ ಒಡೆದರೆ ಬುಟ್ಟಿಯಲ್ಲಿ ಬಿಸಿ ಬೇಗ ಏರುತ್ತದೆ. ಒಡೆಯಲು ಕತ್ತಿ ಬಳಸಿದರೆ ಬೀಜಕ್ಕೆ ಗಾಯವಾಗಿ ಬೂಸ್ಟು ಹಿಡಿಯುತ್ತದೆ. ಕಲ್ಲಿಗೆ ಬಡಿದು ಅಥವಾ ಮರದ ತುಂಡಿನಿಂದ ಹೊಡೆದು ಒಡೆಯಿರಿ. ಬೀಜದ ಗೊಂಚಲಿನ ನಡುವೆ ಇರುವ ನಾರಿನ ದಿಂಡನ್ನು ತೆಗೆದುಹಾಕಿ. ಬಿಳಿ ತಿರುಳನ್ನು ತೊಳೆಯಬಾರದು. ಮುಂದಿನ ಹಂತ ನಡೆಯುವುದೇ ಆ ತಿರುಳಿನ ಸಕ್ಕರೆಯಿಂದ.

ಹಂತ 2: ಹುದುಗಿಸುವುದು

ಹಸಿ ಕೊಕ್ಕೋ ಬೀಜವನ್ನು ಅಡ್ಡ ಕತ್ತರಿಸಿ ನೋಡಿ. ನಮ್ಮ ತೋಟಗಳಲ್ಲಿ ಹೆಚ್ಚಾಗಿ ಇರುವ ಫೊರಾಸ್ಟೆರೊ ಎಂಬ ತಳಿಯದ್ದಾದರೆ ಒಳಗೆ ಗಾಢ ನೇರಳೆ ಬಣ್ಣ ಕಾಣುತ್ತದೆ. ಕಚ್ಚಿದರೆ ಬರೀ ಒಗರು, ಕಹಿ. ಚಾಕಲೇಟಿನ ವಾಸನೆ ಲವಲೇಶವೂ ಇಲ್ಲ. ಆ ನೇರಳೆ ಕಂದಾಗಬೇಕು, ಒಗರು ಇಳಿಯಬೇಕು. ಹುದುಗಿಸುವುದು, ಕೃಷಿ ಪುಸ್ತಕಗಳಲ್ಲಿ ಹೇಳುವ ಕಿಣ್ವನ, ಅದಕ್ಕಾಗಿಯೇ.

ಆಗುವುದು ಹೀಗೆ. ಮೊದಲು ಗಾಳಿಯಲ್ಲಿರುವ ಯೀಸ್ಟ್ ಬಿಳಿ ತಿರುಳಿನ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ತಿರುಳು ಕರಗಿ ರಸವಾಗಿ ಇಳಿದುಹೋದ ಮೇಲೆ ಬೀಜಗಳ ನಡುವೆ ಗಾಳಿ ಆಡುತ್ತದೆ. ಆಗ ಬೇರೆ ಬ್ಯಾಕ್ಟೀರಿಯಾಗಳು ಆ ಆಲ್ಕೋಹಾಲನ್ನು ವಿನೆಗರಿನ ಹುಳಿಯಾಗಿ ಬದಲಿಸುತ್ತವೆ. ಈ ಕ್ರಿಯೆಯಲ್ಲಿ ರಾಶಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುತ್ತದೆ. ಬಿಸಿ ಮತ್ತು ಹುಳಿ ಸೇರಿ ಬೀಜದ ಮೊಳಕೆಯನ್ನು ಸಾಯಿಸುತ್ತವೆ. ಮೊಳಕೆ ಸತ್ತ ಮೇಲಷ್ಟೇ ಬೀಜದ ಒಳಗಿನ ಕಿಣ್ವಗಳು ಕೆಲಸಕ್ಕೆ ಇಳಿದು, ಹುರಿಯುವಾಗ ಪರಿಮಳವಾಗಿ ಮಾರ್ಪಡುವ ವಸ್ತುಗಳನ್ನು ತಯಾರಿಸುತ್ತವೆ. ಈ ಬಿಸಿ ಏರದಿದ್ದರೆ ಉಳಿದ ಯಾವುದೂ ಆಗುವುದಿಲ್ಲ.

ದೊಡ್ಡ ತೋಟದವರು ಮರದ ಪೆಟ್ಟಿಗೆಯಲ್ಲಿ ಕ್ವಿಂಟಾಲ್‌ಗಟ್ಟಲೆ ಹುದುಗಿಸುತ್ತಾರೆ. ಮನೆಯವರಿಗೆ ಸಣ್ಣ ಬುಟ್ಟಿಯ ವಿಧಾನವೇ ಒಳ್ಳೆಯದು. ಎರಡು ಕಿಲೋ ಹಿಡಿಯುವ, ಸುಮಾರು ಒಂದು ಗೇಣು ಅಗಲದ ಬುಟ್ಟಿಯಲ್ಲೂ ಇದು ಆಗುತ್ತದೆ. ಎರಡು ಕಿಲೋಗಿಂತ ಕಡಿಮೆ ಬೀಜ ಬೇಡ, ಬಿಸಿ ನಿಲ್ಲುವುದಿಲ್ಲ.

ಮೊದಲ ದಿನ: ಬುಟ್ಟಿಯ ಒಳಗೆ ಬಾಡಿಸಿದ ಬಾಳೆಲೆ ಹಾಸಿ, ರಸ ಇಳಿಯಲು ತಳದಲ್ಲಿ ಅಲ್ಲಲ್ಲಿ ಸೀಳಿ. ಬೀಜವನ್ನು ಒತ್ತಾಗಿ ತುಂಬಿಸಿ, ಮೇಲೆ ಬಾಳೆಲೆ ಮುಚ್ಚಿ. ಎರಡು ಮರದ ತುಂಡಿನ ಮೇಲೆ ಬುಟ್ಟಿಯಿಟ್ಟು ಕೆಳಗೆ ತಟ್ಟೆ ಇಡಿ. ಸಿಹಿ ರಸಕ್ಕೆ ಇರುವೆ ಮುತ್ತುತ್ತದೆ, ಆದ್ದರಿಂದ ತಟ್ಟೆಯಲ್ಲಿ ಒಂದಿಷ್ಟು ನೀರಿರಲಿ. ಗಾಳಿ ಬೀಸುವ ಜಗಲಿ ಬೇಡ, ಕೊಟ್ಟಿಗೆಯ ಮೂಲೆಯಂಥ ಬೆಚ್ಚಗಿನ ಜಾಗ ಬೇಕು. ಕೊಟ್ಟಿಗೆಯಲ್ಲಿ ಗೊಬ್ಬರದ ವಾಸನೆ ಹೆಚ್ಚಿದ್ದರೆ ಅಲ್ಲಿಯೂ ಬೇಡ.

ಎರಡನೆಯ ದಿನ: ರಸ ಬಹುಪಾಲು ಇಳಿದಿರುತ್ತದೆ. ಈಗ ಇಡೀ ಬುಟ್ಟಿಗೆ ದಪ್ಪ ಗೋಣಿ ಹೊದಿಸಿ. ಕಳ್ಳಿನಂಥ ವಾಸನೆ ಬರಬೇಕು.

ಮೂರನೆಯ ದಿನ: ಬೀಜವನ್ನೆಲ್ಲ ಹೊರಗೆ ಸುರಿದು, ಅಂಚಿನವು ನಡುವೆ, ನಡುವಿನವು ಅಂಚಿಗೆ ಬರುವಂತೆ ಕಲಸಿ ಮತ್ತೆ ತುಂಬಿಸಿ. ಥರ್ಮಾಮೀಟರನ್ನು ರಾಶಿಯ ನಡುವಿಗೆ ಇಳಿಸಿ ನೋಡಿ. 40 ದಾಟಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ದಾಟಿಲ್ಲದಿದ್ದರೆ ಇನ್ನೊಂದು ಗೋಣಿ ಹೊದಿಸಿ.

ಐದನೆಯ ದಿನ: ಇನ್ನೊಮ್ಮೆ ಕಲಸಿ. ಈ ಹೊತ್ತಿಗೆ ವಿನೆಗರಿನ ಘಾಟು ಮೂಗಿಗೆ ಬಡಿಯುತ್ತದೆ. ಕೆಟ್ಟುಹೋಯಿತೆಂದು ಗಾಬರಿಯಾಗಿ ಎಸೆಯುವವರು ಇದೇ ದಿನ ಎಸೆಯುತ್ತಾರೆ. ಅದು ಕೆಟ್ಟದ್ದಲ್ಲ, ಹಾಗೇ ಆಗಬೇಕು.

ಆರನೆಯ ದಿನದ ಕೊನೆಗೆ ಬೀಜ ಉಬ್ಬಿ, ಹೊರಗೆ ಕಂದಾಗಿರುತ್ತದೆ. ಹಿಸುಕಿದರೆ ಕೆಂಪು ಕಂದು ರಸ ಬರುತ್ತದೆ. ಏಳನೆಯ ದಿನ ಬೆಳಗ್ಗೆ ಬಿಸಿಲಿಗೆ.

ಇಲ್ಲಿ ಆಗುವ ತಪ್ಪುಗಳು ಹೆಚ್ಚಾಗಿ ನಾಲ್ಕು. ಪ್ಲಾಸ್ಟಿಕ್ ಬಕೆಟಿನಲ್ಲಿ ಮುಚ್ಚಳ ಹಾಕಿಡುತ್ತಾರೆ. ರಸ ಇಳಿಯುವುದಿಲ್ಲ, ಗಾಳಿ ಸಿಗುವುದಿಲ್ಲ, ಬೀಜ ಕೊಳೆಯುತ್ತದೆ. ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪಾತ್ರೆ ಬಳಸುತ್ತಾರೆ. ಹುಳಿ ಲೋಹವನ್ನು ತಿಂದು ಬೀಜಕ್ಕೆ ಲೋಹದ ರುಚಿ ಹತ್ತುತ್ತದೆ. ಮೂರು ದಿನಕ್ಕೆ ಸಾಕೆಂದು ನಿಲ್ಲಿಸುತ್ತಾರೆ. ನೇರಳೆ ಹಾಗೇ ಉಳಿಯುತ್ತದೆ. ಇನ್ನು ಕೆಲವರು ಹೆಚ್ಚಾದಷ್ಟೂ ಒಳ್ಳೆಯದೆಂದು ಎಂಟು ಹತ್ತು ದಿನ ಬಿಡುತ್ತಾರೆ. ಆಗ ಹುಳಿ ವಾಸನೆ ಹೋಗಿ ಕೊಳೆತ ವಾಸನೆ ಶುರುವಾಗುತ್ತದೆ, ಬೀಜದ ಬಣ್ಣ ಕಪ್ಪಾಗುತ್ತದೆ. ಅದನ್ನು ಸರಿಪಡಿಸುವ ದಾರಿಯಿಲ್ಲ.

ಹಂತ 3: ಒಣಗಿಸುವುದು

ಹುದುಗಿದ ಬೀಜದಲ್ಲಿ ಅರ್ಧಕ್ಕರ್ಧ ನೀರು ಇರುತ್ತದೆ. ಅದು ಆರೇಳು ಶೇಕಡಕ್ಕೆ ಇಳಿಯಬೇಕು. ಚಾಪೆಯ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿ. ಒಳ್ಳೆಯ ಬಿಸಿಲಿದ್ದರೆ ಐದರಿಂದ ಏಳು ದಿನ. ಸಂಜೆ ಮಂಜು ಬೀಳುವ ಮೊದಲು ಒಳಗೆ ತನ್ನಿ.

ಅವಸರ ಬೇಡ. ಮೊದಲ ದಿನವೇ ಜೋರು ಶಾಖ ಕೊಟ್ಟರೆ ಸಿಪ್ಪೆ ಗಟ್ಟಿಯಾಗಿ ಒಳಗಿನ ಹುಳಿ ಹೊರಬರಲು ದಾರಿ ಇರುವುದಿಲ್ಲ, ಚಾಕಲೇಟ್ ಹುಳಿಯಾಗುತ್ತದೆ. ಅಡಕೆಗೆಂದು ಕಟ್ಟಿದ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡು ಇದ್ದರೆ ಅದರಲ್ಲೂ ಒಣಗಿಸಬಹುದು, ಎರಡು ಕಡೆ ತೆರೆದಿಟ್ಟು. ಒಲೆಯ ಮೇಲಿನ ಅಟ್ಟ ಮಾತ್ರ ಬೇಡವೇ ಬೇಡ. ಕೊಕ್ಕೋ ಬೀಜದ ಅರ್ಧದಷ್ಟು ಕೊಬ್ಬು. ಹೊಗೆಯ ವಾಸನೆಯನ್ನು ಅದು ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ. ಮಳೆ ಹಿಡಿದರೆ ವಿದ್ಯುತ್ ಡ್ರೈಯರಿನಲ್ಲಿ 45ರಿಂದ 55 ಡಿಗ್ರಿಯಲ್ಲಿ ನಿಧಾನವಾಗಿ ಒಣಗಿಸಿ.

ಒಣಗಿತೇ ಎಂದು ತಿಳಿಯಲು ಒಂದು ಹಿಡಿ ಬೀಜ ಮುಷ್ಟಿಯಲ್ಲಿ ಬಿಗಿಯಾಗಿ ಒತ್ತಿ. ಕರಕರ ಸದ್ದು ಬರಬೇಕು.

ಈಗ ಪರೀಕ್ಷೆ ಮಾಡುವ ಹೊತ್ತು. ಇಪ್ಪತ್ತು ಬೀಜ ತೆಗೆದು ಮೆಟ್ಟುಕತ್ತಿಯಲ್ಲಿ ಉದ್ದಕ್ಕೆ ಸೀಳಿ ಸಾಲಾಗಿ ಇಡಿ. ಒಳಗೆ ಕಂದು ಬಣ್ಣ, ನಡುನಡುವೆ ಬಿರುಕು ಇದ್ದರೆ ಚೆನ್ನಾಗಿ ಹುದುಗಿದೆ. ನೇರಳೆ ಇದ್ದರೆ ಅರ್ಧ ಆಗಿದೆ. ಸ್ಲೇಟಿನ ಬೂದು ಬಣ್ಣ, ಬಿರುಕಿಲ್ಲದೆ ರಬ್ಬರಿನ ಹಾಗೆ ಒತ್ತಾಗಿದ್ದರೆ ಹುದುಗಿಯೇ ಇಲ್ಲ. ಕೊಳ್ಳುವವರು ಗುಣಮಟ್ಟ ಅಳೆಯುವುದೂ ಹೀಗೆಯೇ. ಇಪ್ಪತ್ತರಲ್ಲಿ ಹದಿನಾಲ್ಕು ಹದಿನೈದಾದರೂ ಕಂದಾಗಿದ್ದರೆ ಮುಂದುವರಿಯಿರಿ. ಹೆಚ್ಚಿನವು ಬೂದು ಎಂದಾದರೆ ಅರೆಯುವ ಶ್ರಮ ವ್ಯರ್ಥ. ಇನ್ನೊಂದು ಬುಟ್ಟಿ ಹಾಕಿ. ಒಳಗೆ ಬೂಸ್ಟು ಕಂಡ ಬೀಜವನ್ನು ಎಸೆಯಿರಿ, ಅದು ಆರೋಗ್ಯದ ಪ್ರಶ್ನೆ.

ಹಂತ 4: ಹುರಿಯುವುದು, ಸಿಪ್ಪೆ ಹಾರಿಸುವುದು

ಚಪ್ಪಟೆ ಬೀಜ, ಅಂಟಿಕೊಂಡ ಜೋಡಿ ಬೀಜ, ಕಲ್ಲು, ನಾರು ಹೆಕ್ಕಿ ತೆಗೆಯಿರಿ. ಓವನ್ನಾದರೆ 130 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷದಿಂದ ಅರ್ಧ ಗಂಟೆ, ನಡುವೆ ಎರಡು ಸಲ ಕೈಯಾಡಿಸಿ. ಬಾಣಲೆಯಾದರೆ ಸಣ್ಣ ಉರಿಯಲ್ಲಿ ಬಿಡದೆ ತಿರುವುತ್ತಾ ಇರಿ. ಮೊದಲು ಹುಳಿ ಘಾಟು ಏಳುತ್ತದೆ, ಬಳಿಕ ಕೇಕ್ ಬೇಯುವಂಥ ಪರಿಮಳ, ಅಲ್ಲೊಂದು ಇಲ್ಲೊಂದು ಚಟಪಟ ಸದ್ದು. ಸುಟ್ಟ ವಾಸನೆ ಬರುವ ಮೊದಲೇ ಇಳಿಸಿ, ಗೆರಸೆಯಲ್ಲಿ ಹರಡಿ ಫ್ಯಾನಿನಡಿ ತಣಿಸಿ. ಹುರಿಯದ ಬೀಜವನ್ನು ಆರೋಗ್ಯಕ್ಕೆ ಒಳ್ಳೆಯದೆಂದು ತಿನ್ನುವ ರೂಢಿ ಈಗ ಶುರುವಾಗಿದೆ. ಅಂಗಳದಲ್ಲಿ ವಾರಗಟ್ಟಲೆ ಬಿದ್ದಿದ್ದ ಬೀಜದ ಮೇಲಿನ ರೋಗಾಣು ಸಾಯುವುದು ಹುರಿದಾಗಲೇ ಎಂಬುದು ನೆನಪಿರಲಿ.

ತಣಿದ ಬೀಜವನ್ನು ದಪ್ಪ ಬಟ್ಟೆಯ ಚೀಲದಲ್ಲಿ ಹಾಕಿ ಲಟ್ಟಣಿಗೆಯಿಂದ ಜಜ್ಜಿ. ಆಮೇಲೆ ಗೆರಸೆಯಲ್ಲಿ ಕೇರಿ. ಅಕ್ಕಿ ಕೇರಿ ಅಭ್ಯಾಸ ಇರುವ ಹಿರಿಯರು ಮನೆಯಲ್ಲಿದ್ದರೆ ಈ ಕೆಲಸ ಅವರಿಗೇ ಬಿಡಿ. ಉಳಿಯುವ ಕಂದು ನುಚ್ಚಿಗೆ ತಯಾರಕರು ನಿಬ್ಸ್ ಎನ್ನುತ್ತಾರೆ. ಸಿಪ್ಪೆಯ ಚೂರು ಉಳಿದರೆ ಬಾರಿನಲ್ಲಿ ಮರಳು ಕಚ್ಚಿದಂತಾಗುತ್ತದೆ. ಹಾರಿಸಿದ ಸಿಪ್ಪೆಯನ್ನು ಅಂಗಳದಲ್ಲಿ ಬಿಡಬೇಡಿ. ಕೊಕ್ಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಗಳಿಗೆ ವಿಷ, ಸಿಪ್ಪೆಯಲ್ಲೂ ಅದು ಇರುತ್ತದೆ.

ಹಂತ 5: ಅರೆಯುವುದು

ಇಲ್ಲಿ ಸ್ವಲ್ಪ ಚರಿತ್ರೆ ಹೇಳಲೇಬೇಕು, ಏಕೆಂದರೆ ನಿಮ್ಮ ಗ್ರೈಂಡರಿನಲ್ಲಿ ಈಗ ಆಗುವುದೇ ಆ ಚರಿತ್ರೆ. ಮಧ್ಯ ಅಮೆರಿಕದವರು ಕಲ್ಲಿನ ಮೇಲೆ ಕೊಕ್ಕೋ ಅರೆದು ಸಾವಿರಾರು ವರ್ಷ ಕುಡಿದರೇ ಹೊರತು ಬಾರ್ ಮಾಡಿ ತಿನ್ನಲಿಲ್ಲ. ಯುರೋಪಿಗೆ ಹೋದ ಮೇಲೂ ಬಹುಕಾಲ ಅದು ಕುಡಿಯುವ ಪದಾರ್ಥವೇ. ನೆದರ್‌ಲ್ಯಾಂಡ್ಸಿನ ವಾನ್ ಹೌಟನ್ ಕುಟುಂಬ 1828ರಲ್ಲಿ ಬೀಜದ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆಯಿತು. ಹಿಂಡಿದಾಗ ಬಂದ ತಿಳಿಹಳದಿ ಕೊಬ್ಬೇ ಕೋಕೋ ಬೆಣ್ಣೆ, ಉಳಿದ ಹಿಂಡಿಯೇ ಕೋಕೋ ಪುಡಿ. ಆ ಬೆಣ್ಣೆಯನ್ನು ಅರೆದ ಕೊಕ್ಕೋ ಮತ್ತು ಸಕ್ಕರೆಗೆ ಹೆಚ್ಚುವರಿಯಾಗಿ ಸೇರಿಸಿ ಅಚ್ಚಿಗೆ ಎರೆಯಬಹುದು ಎಂದು ಕಂಡುಕೊಂಡವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಕಂಪೆನಿಯವರು, 1847ರಲ್ಲಿ. ತಿನ್ನುವ ಬಾರ್ ಶುರುವಾದದ್ದು ಅಲ್ಲಿಂದ. ಆದರೂ ಆಗಿನ ಬಾರ್ ತರಿತರಿಯಾಗಿತ್ತು. 1879ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ರೊಡಾಲ್ಫ್ ಲಿಂಡ್ಟ್ ಚಾಕಲೇಟನ್ನು ಬಹಳ ಹೊತ್ತು ಬೆಚ್ಚಗೆ ಉಜ್ಜುತ್ತಾ ಕದಡುವ ಯಂತ್ರ ಮಾಡಿದ. ಕಾಂಚಿಂಗ್ ಎನ್ನುವುದು ಅದನ್ನೇ. ಅದರಿಂದ ಉಳಿದ ಹುಳಿ ಆವಿಯಾಗಿ ಹೋಗುತ್ತದೆ, ಪ್ರತಿ ಕಣಕ್ಕೂ ಬೆಣ್ಣೆ ಸವರಿಕೊಳ್ಳುತ್ತದೆ.

ನಮ್ಮ ಕಲ್ಲಿನ ಗ್ರೈಂಡರ್ ಅರೆಯುವುದನ್ನೂ ಕಾಂಚಿಂಗನ್ನೂ ಒಟ್ಟಿಗೆ ಮಾಡುತ್ತದೆ. ದೋಸೆ ಹಿಟ್ಟಿಗೆಂದು ಕೊಯಮತ್ತೂರಿನ ಕಡೆ ರೂಪುಗೊಂಡ ಈ ಯಂತ್ರವನ್ನೇ ಅಷ್ಟಿಷ್ಟು ಮಾರ್ಪಡಿಸಿ ಇವತ್ತು ಅಮೆರಿಕ, ಯುರೋಪುಗಳ ಸಣ್ಣ ಚಾಕಲೇಟ್ ತಯಾರಕರು ಬಳಸುತ್ತಾರೆ. ಇದನ್ನು ಹೇಳುವಾಗ ನನಗೆ ನಿಜವಾಗಿಯೂ ಹೆಮ್ಮೆ.

ಅಳತೆ: 750 ಗ್ರಾಂ ನಿಬ್ಸ್, 320 ಗ್ರಾಂ ಸಕ್ಕರೆ. ಇದು ಎಪ್ಪತ್ತು ಶೇಕಡ ಕೊಕ್ಕೋ ಇರುವ ಡಾರ್ಕ್ ಬಾರ್. ಲೇಬಲಿನ ಮೇಲೆ 70% ಎಂದು ಬರೆದರೆ ಬೀಜದಿಂದ ಬಂದದ್ದೆಲ್ಲ, ಕೋಕೋ ಬೆಣ್ಣೆಯೂ ಸೇರಿ, ಎಪ್ಪತ್ತು ಪಾಲು ಎಂದರ್ಥ.

ಗ್ರೈಂಡರಿನ ಪಾತ್ರೆ, ಕಲ್ಲು ಎರಡನ್ನೂ ತೊಳೆದು ಎರಡು ದಿನ ಒಣಗಿಸಿ. ಉದ್ದಿನ ವಾಸನೆ, ನೀರಿನ ಪಸೆ ಎರಡೂ ಇರಬಾರದು. ಸಾಧ್ಯವಿದ್ದರೆ ಚಾಕಲೇಟಿಗೆ ಬೇರೆಯೇ ಪಾತ್ರೆ ಇಟ್ಟುಕೊಳ್ಳಿ. ನಿಬ್ಸನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ಪುಡಿ ಮಾಡಿ. ಹೇರ್ ಡ್ರೈಯರಿನಿಂದ ಕಲ್ಲನ್ನು ಬೆಚ್ಚಗೆ ಮಾಡಿ ಗ್ರೈಂಡರ್ ಚಾಲೂ ಮಾಡಿ, ಪುಡಿಯನ್ನು ಒಂದೊಂದೇ ಹಿಡಿ ಹಾಕುತ್ತಾ ಬನ್ನಿ. ಮೊದಲು ಗೋಡೆಗೆ ಮೆತ್ತಿಕೊಳ್ಳುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ ಬೆಣ್ಣೆ ಬಿಟ್ಟು ಹೊಳೆಯುವ ಕಂದು ದ್ರವವಾಗುತ್ತದೆ. ಒಂದು ಹನಿ ನೀರೂ ಹಾಕದೆ ಒಣ ಬೀಜ ಹರಿಯುವ ದ್ರವವಾಗುವುದನ್ನು ಮಕ್ಕಳಿಗೆ ತೋರಿಸಿ.

ಎರಡು ಗಂಟೆಯ ಮೇಲೆ ಸಕ್ಕರೆ ಪುಡಿ ಸೇರಿಸಿ. ಪುಡಿಯನ್ನು ಮನೆಯಲ್ಲೇ ಮಾಡಿ. ಅಂಗಡಿಯ ಐಸಿಂಗ್ ಶುಗರಿನಲ್ಲಿ ಮೆಕ್ಕೆಜೋಳದ ಹಿಟ್ಟು ಸೇರಿರುತ್ತದೆ. ಬೆಲ್ಲ ಹಾಕಬಹುದೇ ಎಂದು ಬಹಳ ಮಂದಿ ಕೇಳುತ್ತಾರೆ. ಅಚ್ಚು ಬೆಲ್ಲ ಬೇಡ, ಅದರ ತೇವ ಸಾಕು ಕೆಡಿಸಲಿಕ್ಕೆ. ಪೂರ್ತಿ ಒಣಗಿದ ಬೆಲ್ಲದ ಪುಡಿಯಾದರೆ ಆಗುತ್ತದೆ, ಬಾರ್ ಸ್ವಲ್ಪ ಮೆತ್ತಗಾಗುತ್ತದೆ.

ಒಟ್ಟು ಹದಿನೈದರಿಂದ ಇಪ್ಪತ್ತನಾಲ್ಕು ಗಂಟೆ ಅರೆಯಬೇಕು. ಕಣ 25 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ನಲವತ್ತನೆಯ ಒಂದು ಪಾಲಿಗಿಂತ, ಸಣ್ಣದಾದಾಗ ನಾಲಗೆಗೆ ತರಿ ತಿಳಿಯುವುದಿಲ್ಲ. ಮನೆಯ ಗ್ರೈಂಡರ್ ಇಷ್ಟು ಹೊತ್ತು ಒಂದೇ ಸಮನೆ ಓಡಲು ಮಾಡಿದ್ದಲ್ಲ. ಮೋಟರ್ ಕೈಗೆ ಸುಡುವಂತಾದರೆ ನಿಲ್ಲಿಸಿ, ತಣಿದ ಮೇಲೆ ಮುಂದುವರಿಸಿ. ರಾತ್ರಿ ನಿಲ್ಲಿಸಿದ್ದರೆ ಬೆಳಗ್ಗೆ ಒಳಗಿನದು ಗಟ್ಟಿಯಾಗಿರಬಹುದು. ಹಾಗೇ ಸ್ವಿಚ್ ಹಾಕಿದರೆ ಬೆಲ್ಟ್ ತುಂಡಾಗುತ್ತದೆ. ಮೊದಲು ಹೇರ್ ಡ್ರೈಯರಿನಿಂದ ಕರಗಿಸಿ. ಯಾರೂ ಎಚ್ಚರ ಇಲ್ಲದ ಹೊತ್ತಿನಲ್ಲಿ ಓಡಲು ಬಿಡಬೇಡಿ.

ಹಂತ 6: ಹಾಲು ಬೇಕೆಂದರೆ

ಮೊದಲ ಸಲ ಹಾಲಿಲ್ಲದ ಬಾರನ್ನೇ ಮಾಡಿ ಎನ್ನುವುದು ನನ್ನ ಸಲಹೆ. ನಿಮ್ಮ ಬೀಜದ ರುಚಿ ಏನೆಂದು ತಿಳಿಯುವುದು ಅದರಲ್ಲೇ. ಮಕ್ಕಳಿಗೆ ಹಾಲಿನದೇ ಬೇಕೆಂದರೆ ಒಂದು ಕಿಲೋಗೆ ಈ ಅಳತೆ: 300 ಗ್ರಾಂ ನಿಬ್ಸ್, 200 ಗ್ರಾಂ ಕೋಕೋ ಬೆಣ್ಣೆ (ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ), 220 ಗ್ರಾಂ ಹಾಲಿನ ಪುಡಿ, 280 ಗ್ರಾಂ ಸಕ್ಕರೆ. ಹಾಲಿನ ಪುಡಿಯನ್ನು ಸಕ್ಕರೆಯ ಜೊತೆಗೇ ಹಾಕಿ.

ಹಸುವಿನ ಹಾಲು ಸುರಿಯಬೇಡಿ. ಅರೆದ ಕೊಕ್ಕೋ ಎಂದರೆ ಕೊಬ್ಬಿನಲ್ಲಿ ತೇಲುವ ಒಣ ಕಣಗಳು. ಒಂದು ಚಮಚ ನೀರು ಬಿದ್ದರೂ ಸಕ್ಕರೆ ಕಣಗಳು ಅಂಟಿಕೊಂಡು ಇಡೀ ದ್ರವ ಗಟ್ಟಿ ಮುದ್ದೆಯಾಗಿ ಕೂರುತ್ತದೆ. ಸ್ವಿಟ್ಜರ್‌ಲೆಂಡಿನ ವೆವೇ ಪಟ್ಟಣದ ಡೇನಿಯಲ್ ಪೀಟರ್ ವರ್ಷಗಟ್ಟಲೆ ಹೆಣಗಿದ್ದು ಹಾಲಿನ ಈ ನೀರಿನ ಜೊತೆಗೇ. ಅದೇ ಊರಿನ ಹೆನ್ರಿ ನೆಸ್ಲೆಯ ಪರಿಚಯ, ನೀರು ಇಂಗಿಸಿದ ಗಟ್ಟಿ ಹಾಲು ಅವನಿಗೆ ನೆರವಾದವು. 1875ರಲ್ಲಿ ಹಾಲಿನ ಚಾಕಲೇಟ್ ಕೈಗೂಡಿತು. ಬರ್ಮಿಂಗ್‌ಹ್ಯಾಮಿನ ಕ್ಯಾಡ್‌ಬರಿಯವರು ಹಾಲಿನ ಪಾಲು ಹೆಚ್ಚಿಸಿ ಡೈರಿ ಮಿಲ್ಕ್ ತಂದದ್ದು 1905ರಲ್ಲಿ. ಬಿಳಿ ಚಾಕಲೇಟಿನಲ್ಲಿ ಕೊಕ್ಕೋದ ಕಂದು ಭಾಗ ಇರುವುದೇ ಇಲ್ಲ. ಕೋಕೋ ಬೆಣ್ಣೆ, ಹಾಲು, ಸಕ್ಕರೆ ಅಷ್ಟೇ. ತೋಟದ ಬೀಜದಿಂದ ಅದನ್ನು ಮನೆಯಲ್ಲಿ ಮಾಡಲಾಗುವುದಿಲ್ಲ, ಬೆಣ್ಣೆ ಹಿಂಡುವ ಯಂತ್ರ ಬೇಕು.

ಹಂತ 7: ಟೆಂಪರಿಂಗ್

ಅರೆದ ಚಾಕಲೇಟನ್ನು ಸುಮ್ಮನೆ ಅಚ್ಚಿಗೆ ಸುರಿದರೆ ಗಟ್ಟಿಯಾಗುತ್ತದೆ, ಆದರೆ ಮಂಕಾಗಿ, ಮೆತ್ತಗೆ, ಮೇಲೆ ಬಿಳಿ ಪಟ್ಟೆ ಪಟ್ಟೆಯಾಗಿ. ಕೋಕೋ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟಬಲ್ಲದು. ಅವುಗಳಲ್ಲಿ ಹೊಳಪೂ ಟಕ್ ಸದ್ದೂ ಇರುವುದು, ಸುಮಾರು 34 ಡಿಗ್ರಿಯಲ್ಲಿ ಕರಗುವುದು ಐದನೆಯ ಬಗೆ. ನಮ್ಮ ಮೈಯ ಬಿಸಿಗಿಂತ ತುಸು ಕೆಳಗೆ ಕರಗುವುದರಿಂದಲೇ ಅದು ಕೈಯಲ್ಲಿ ನಿಂತು ಬಾಯಲ್ಲಿ ಕರಗುತ್ತದೆ. ಬಿಸಿ ಮಾಡಿ, ತಣಿಸಿ, ಮತ್ತೆ ತುಸು ಬಿಸಿ ಮಾಡಿ ಆ ಹರಳನ್ನೇ ಬರಿಸುವ ಕ್ರಮಕ್ಕೆ ಟೆಂಪರಿಂಗ್ ಎನ್ನುತ್ತಾರೆ.

ಡಾರ್ಕ್ ಚಾಕಲೇಟಿಗೆ: 48 ಡಿಗ್ರಿಗೆ ಪೂರ್ತಿ ಕರಗಿಸಿ, ಕದಡುತ್ತಾ 28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿ. ಹಾಲಿನದಕ್ಕೆ: 45, ಆಮೇಲೆ 27, ಆಮೇಲೆ 29–30. ಬಿಸಿ ನೀರಿನ ಪಾತ್ರೆಯ ಮೇಲಿಟ್ಟು ಮಾಡುವಾಗ ಹಬೆ ಒಳಗೆ ತಾಗದಂತೆ ನೋಡಿಕೊಳ್ಳಿ.

ಇದಕ್ಕಿಂತ ಸುಲಭ ದಾರಿಯೂ ಇದೆ. 48ಕ್ಕೆ ಕರಗಿಸಿದ್ದು 34ಕ್ಕೆ ಇಳಿದಾಗ, ಅದರ ಐದನೆಯ ಒಂದು ಪಾಲಿನಷ್ಟು ಒಳ್ಳೆಯ ಡಾರ್ಕ್ ಬಾರನ್ನು ತುರಿದು ಹಾಕಿ, 31–32 ಆಗುವವರೆಗೆ ಕದಡಿ. ಆ ಬಾರಿನ ಹರಳು ಮೊಸರಿಗೆ ಹೆಪ್ಪು ಹಾಕಿದಂತೆ ಉಳಿದದ್ದನ್ನೂ ತನ್ನ ದಾರಿಗೆ ಎಳೆಯುತ್ತದೆ. ಹೆಪ್ಪಿಗೆ ತರುವ ಬಾರಿನ ಲೇಬಲ್ ಓದಿ. ಪದಾರ್ಥಗಳಲ್ಲಿ ಕೋಕೋ ಬೆಣ್ಣೆಯ ಬದಲು ಹೈಡ್ರೋಜನೀಕರಿಸಿದ ಸಸ್ಯಜನ್ಯ ಕೊಬ್ಬು ಎಂದಿದ್ದರೆ ಅದು ಕಾಂಪೌಂಡ್ ಚಾಕಲೇಟ್, ಇಲ್ಲಿ ಕೆಲಸಕ್ಕೆ ಬಾರದು. ಒಮ್ಮೆ ಮಾಡಿದ ಮೇಲೆ ನಿಮ್ಮದೇ ಎರಡು ಬಾರ್ ತೆಗೆದಿಟ್ಟು ಮುಂದಿನ ಸಲ ಹೆಪ್ಪಿಗೆ ಬಳಸಿ.

ಸರಿಯಾಯಿತೇ ಎಂದು ನೋಡಲು ಚೂರಿಯ ತುದಿ ಅದ್ದಿ ಇಡಿ. ಐದು ನಿಮಿಷದಲ್ಲಿ ಹೊಳಪಾಗಿ ಗಟ್ಟಿಯಾದರೆ ಎರೆಯಬಹುದು. ಮಂಕಾಗಿ ಅಂಟುತ್ತಿದ್ದರೆ ಮತ್ತೆ 48ರಿಂದ ಶುರು ಮಾಡಿ. ಏನೂ ನಷ್ಟವಿಲ್ಲ, ಚಾಕಲೇಟನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಏಪ್ರಿಲ್ ಮಧ್ಯಾಹ್ನ ಈ ಕೆಲಸಕ್ಕೆ ಕೂರಬೇಡಿ. ಕೋಣೆಯೇ 33 ಡಿಗ್ರಿ ಇದ್ದರೆ ಯಾವ ಹರಳೂ ನಿಲ್ಲುವುದಿಲ್ಲ. ಎಸಿ ಕೋಣೆ ಇದ್ದರೆ 22ಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಡಿಸೆಂಬರ್–ಜನವರಿಯ ನಸುಕು.

ಹಂತ 8: ಎರೆಯುವುದು, ಯಾವ ಬಗೆಯ ಬಾರ್?

ಅಚ್ಚು ಒಣಗಿರಲಿ. ಎರೆದು, ಮೇಜಿಗೆ ಕುಟ್ಟಿ ಗಾಳಿಗುಳ್ಳೆ ಬಿಡಿಸಿ. ಹತ್ತು ಹದಿನೈದು ನಿಮಿಷ ಫ್ರಿಜ್ಜಿನ ಕೆಳ ತಟ್ಟಿನಲ್ಲಿಟ್ಟು ತೆಗೆಯಿರಿ. ಸರಿಯಾಗಿ ಟೆಂಪರ್ ಆಗಿದ್ದರೆ ಬಾರ್ ಕುಗ್ಗಿ ತಾನಾಗಿ ಅಚ್ಚು ಬಿಡುತ್ತದೆ.

ಅಂಗಡಿಯ ಬಾರುಗಳ ಹೆಸರು ನೂರಿದ್ದರೂ ಒಳಗಿನ ಬಗೆ ಕೆಲವೇ. ಒಂದೇ ಗಟ್ಟಿ ಅಚ್ಚಿನದು ಡೈರಿ ಮಿಲ್ಕಿನಂಥದು. ಅದೇ ಅಚ್ಚಿನೊಳಗೆ ಬಾದಾಮಿ, ಜೇನಿನ ಮಿಠಾಯಿ ಚೂರು ಬೆರೆಸಿದ್ದು 1908ರ ಟೊಬ್ಲರೋನ್. ಒಳಗೆ ಮೃದುವಾದ ಸಕ್ಕರೆ ಕ್ರೀಮ್ ತುಂಬಿದ್ದನ್ನು ಫ್ರೈ ಕಂಪೆನಿ 1866ರಲ್ಲೇ ತಂದಿತ್ತು. ಬೇಯಿಸಿದ ಕ್ಯಾರಮೆಲ್, ಮೊಟ್ಟೆ ಬಿಳಿಯಿಂದ ನೊರೆ ಬರಿಸಿದ ನೂಗಾ ಮಿಠಾಯಿ ಇವುಗಳ ಮೇಲೆ ಚಾಕಲೇಟ್ ಹೊದಿಸಿದ್ದು ಅಮೆರಿಕದ ಸ್ನಿಕರ್ಸ್ (1930), ಇಂಗ್ಲೆಂಡಿನ ಮಾರ್ಸ್ (1932). ಗರಿಗರಿ ವೇಫರಿನದು ಯಾರ್ಕ್ ನಗರದ ರೌನ್‌ಟ್ರೀ ಕಂಪೆನಿ 1935ರಲ್ಲಿ ಬೇರೆ ಹೆಸರಿನಲ್ಲಿ ತಂದು ಎರಡು ವರ್ಷದ ಮೇಲೆ ಕಿಟ್‌ಕ್ಯಾಟ್ ಎಂದು ಕರೆದದ್ದು. ನಮ್ಮ ದೇಶದಲ್ಲಿ 1969ರಲ್ಲಿ ಬಂದ ಫೈವ್ ಸ್ಟಾರ್ ಕ್ಯಾರಮೆಲ್ ಮತ್ತು ನೂಗಾದ ಬಗೆ. 1951ರ ಬೌಂಟಿಯೊಳಗೆ ತೆಂಗಿನ ತುರಿ.

ಕಾಸರಗೋಡಿನ ಮನೆಗೆ ನಾನು ಹೇಳುವುದು ಕೊನೆಯದನ್ನೇ. ವೇಫರ್, ನೂಗಾ ಮನೆಯಲ್ಲಿ ಕಷ್ಟ. ಕೊಬ್ಬರಿ, ಗೇರುಬೀಜ ನಮ್ಮಲ್ಲೇ ಇವೆ. ತುಂಬುವ ಯಾವುದರಲ್ಲೂ ನೀರಿರಬಾರದು. ಹಸಿ ತೆಂಗಿನ ತುರಿ ಹಾಕಿದರೆ ಎರಡೇ ದಿನದಲ್ಲಿ ಹಳಸುತ್ತದೆ. ಒಣ ಕೊಬ್ಬರಿಯನ್ನು ತುರಿದು, ಬಣ್ಣ ಬದಲಾಗದಂತೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ತಣಿಸಿ, ಎರೆಯುವ ಮೊದಲು ಕಿಲೋಗೆ 150 ಗ್ರಾಮಿನಂತೆ ಬೆರೆಸಿ. ಗೇರುಬೀಜವನ್ನು ಹುರಿದು ತುಂಡು ಮಾಡಿ. ಎರಡೂ ಕೋಣೆಯ ಬಿಸಿಗೆ ಬಂದಿರಲಿ. ಬಿಸಿಯಿದ್ದರೆ ಟೆಂಪರ್ ಮುರಿಯುತ್ತದೆ.

ಹಂತ 9: ಇಡುವುದು

ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬದಲ್ಲಿ ಹಾಕಿ, ಮನೆಯ ತಂಪು ಕಪಾಟಿನಲ್ಲಿಡಿ. ಬೇಸಗೆಯಲ್ಲಿ ಫ್ರಿಜ್ ಬೇಕೇ ಬೇಕಾದರೆ ಡಬ್ಬ ಸಮೇತ ಇಡಿ, ತೆಗೆದ ಮೇಲೆ ಡಬ್ಬ ಪೂರ್ತಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ. ತೆರೆದರೆ ಕರಾವಳಿಯ ತೇವ ಬಾರಿನ ಮೇಲೆ ಹನಿಯಾಗಿ ಕೂತು, ಸಕ್ಕರೆ ಕರಗಿ, ಒಣಗಿದಾಗ ಒರಟಾದ ಬಿಳಿ ಪದರ ಬರುತ್ತದೆ. ಬೆರಳಲ್ಲಿ ಉಜ್ಜಿದರೆ ಮಾಯವಾಗುವ ಜಿಡ್ಡಿನ ಬಿಳುಪು ಬೇರೆ. ಅದು ಬಿಸಿಗೆ ಕೋಕೋ ಬೆಣ್ಣೆ ಮೇಲೆ ಬಂದದ್ದು. ಎರಡಕ್ಕೂ ಬ್ಲೂಮ್ ಎಂದು ಹೆಸರು. ಬೂಸ್ಟು ಅಲ್ಲ, ತಿನ್ನಬಹುದು. ಜಿಡ್ಡಿನದನ್ನು ಕರಗಿಸಿ ಮತ್ತೆ ಎರೆಯಲೂಬಹುದು. ಡಾರ್ಕ್ ಬಾರ್ ಆರು ತಿಂಗಳು ಚೆನ್ನಾಗಿರುತ್ತದೆ, ಕೊಬ್ಬರಿಯದನ್ನು ಒಂದು ತಿಂಗಳೊಳಗೆ ಮುಗಿಸಿ.

ನೆಂಟರಿಷ್ಟರಿಗೆ ಕೊಡುವುದಕ್ಕೆ ಯಾವ ಕಾಗದವೂ ಬೇಡ. ಮಾರುವ ಯೋಚನೆ ಇದ್ದರೆ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು, ಪೊಟ್ಟಣದ ಮೇಲೆ ಪದಾರ್ಥಗಳು, ತೂಕ, ತಯಾರಿಸಿದ ದಿನ, ನೋಂದಣಿ ಸಂಖ್ಯೆ ಇರಬೇಕು. ಹಾಲು, ಗೇರುಬೀಜ ಅಲರ್ಜಿ ಇರುವವರಿಗಾಗಿ ಅವನ್ನು ಎದ್ದುಕಾಣುವಂತೆ ಬರೆಯಬೇಕು. ಗಿಡದ ಬಗ್ಗೆ, ಹೊಸ ತಳಿಯ ಬಗ್ಗೆ ತಿಳಿಯಬೇಕಾದವರಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹತ್ತಿರದಲ್ಲೇ ಇದೆ. ಅದರ ಕೊಕ್ಕೋ ಸಂಶೋಧನೆ ಹೆಚ್ಚಾಗಿ ನಡೆಯುವುದು ವಿಟ್ಲದ ಕೇಂದ್ರದಲ್ಲಿ. ಅಲ್ಲಿಗೆ ಹೋಗುವಾಗ ನಿಮ್ಮ ಬುಟ್ಟಿಯ ಒಂದು ಹಿಡಿ ಒಣ ಬೀಜವನ್ನೂ ಒಯ್ಯಿರಿ. ಸೀಳಿ ತೋರಿಸಿ ಕೇಳಿದರೆ, ಎಷ್ಟನೆಯ ದಿನ ಎಡವಿದಿರಿ ಎಂದು ತಿಳಿದವರು ಬಣ್ಣ ನೋಡಿಯೇ ಹೇಳುತ್ತಾರೆ.